ಹಾರ್ನ್ ಇಲ್ಲದ ಕಾರು

ನಾನು ಕಂಪ್ಯೂಟರಿನಲ್ಲಿ ರೇಸ್ ಕಾರು ಓಡಿಸಿದ್ದೇನೆ ಎಂದರೆ ಈಗ ಯಾರೂ ನಂಬುವುದಿಲ್ಲ. ನನ್ನ ಕ್ಲಾಸಿನಲ್ಲಿ ಕಲಿತ ಹುಡುಗಿಯರು, ಈಗ ತಾವೇ ಅಜ್ಜಿಯರಾಗುವ ಹೊತ್ತಿನಲ್ಲಿರುವವರು, ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ನಗಲಿ. ಆಡಿದ್ದು ಹೌದು, ಆದರೆ ಆಟದ ಆಸೆಗೆ ಕೂತವಳಲ್ಲ ನಾನು. ನನ್ನ ಕಾರಿನ ಕೀ ನನ್ನ ಪರ್ಸಿನಲ್ಲೇ ಉಳಿಯಬೇಕು ಎಂಬ ಹಟಕ್ಕೆ ಕೂತವಳು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು ಇದು. ಬಂಟ್ವಾಳದಲ್ಲಿ ನಾನು, ನನ್ನ ಮಗಳು ಇಬ್ಬರೇ. ಅವಳಿಗೆ ಬೆಳ್ತಂಗಡಿಯ ಕಾಲೇಜಿನಲ್ಲಿ ಲೆಕ್ಚರರ್ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಪುಂಜಾಲಕಟ್ಟೆ ದಾಟುವವರೆಗೆ ಸೀಟು ಸಿಗುವುದಿಲ್ಲ, ಆದರೂ ಡ್ರೈವಿಂಗ್ ಕಲಿ ಎಂದರೆ ಕೈಮುಗಿಯುತ್ತಿದ್ದಳು. ನಾನು ತೊಂಬತ್ತರ ದಶಕದ ಆರಂಭದಲ್ಲೇ, ಐವತ್ತು ದಾಟಿದ ಮೇಲೆ, ಕಲಿತೆ. ಪಕ್ಕದ ಸೀಟಿನಲ್ಲಿ ಇವರು, ಮಗಳ ಅಪ್ಪ, ಕೂತು ಹಲ್ಲು ಕಚ್ಚುತ್ತಿದ್ದರು. ಇವರು ತೀರಿಹೋದ ಮೇಲೆ ಕಾರು ನನ್ನದಾಯಿತು, ಭಾನುವಾರ ನನ್ನದಾಯಿತು.

ಭಾನುವಾರ ಎಂದರೆ ಅಕ್ಕ. ಬೆಳುವಾಯಿಯಲ್ಲಿ ಅವಳ ಮನೆ, ಮೂಡಬಿದಿರೆ ದಾಟಿ ಮುಂದೆ. ಸೊಂಟ ಮುರಿದು ಮಂಚ ಹಿಡಿದವಳು. ಮನೆ ತುಂಬ ಜನ ಉಂಟು, ಸೊಸೆಯಂದಿರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೂ ಗೇಟಿನ ಹತ್ತಿರ ನಾನು ಗೇರು ಇಳಿಸುವ ಶಬ್ದ ಕೇಳಿದ ಮೇಲೆಯೇ ಅವಳು "ಬಂದಳು" ಎಂದು ಹೇಳಿ ಗಂಜಿಗೆ ಬಾಯಿ ತೆರೆಯುವುದು. ಆ ಒಂದು ಶಬ್ದಕ್ಕಾಗಿ ವಾರವಿಡೀ ಕಾಯುತ್ತಾಳೆ ಎಂದು ಗೊತ್ತಿದ್ದವಳಿಗೆ ಕೀ ಎಂದರೆ ಬರೀ ಕೀ ಅಲ್ಲ.

ಸಿದ್ಧಕಟ್ಟೆ ಕಳೆದ ಮೇಲೆ ಆ ದಾರಿಯಲ್ಲಿ ಒಂದು ತಿರುವು ಉಂಟು. ಬಂಟ್ವಾಳದಿಂದ ಹೋಗುವಾಗ ಎಡಗಡೆ ಒಂದು ದೈವದ ಕಲ್ಲು, ಪಕ್ಕದಲ್ಲಿ ದೊಡ್ಡ ಹಲಸಿನ ಮರ. ಅಲ್ಲಿಗೆ ಬಂದಾಗ ಎಲ್ಲ ಡ್ರೈವರುಗಳೂ ಒಂದು ಸಲ ಹಾರ್ನ್ ಹಾಕುತ್ತಾರೆ. ಎದುರಿನ ಗಾಡಿಗೂ ಆಯಿತು, ದೈವಕ್ಕೆ ಕೈಮುಗಿದ ಹಾಗೂ ಆಯಿತು. ಬಸ್ಸಿನವರು, ಜೀಪಿನವರು, ಮೀನಿನ ಸ್ಕೂಟರಿನವರು, ಯಾವ ಜಾತಿ, ಯಾವ ಮತ ಎಂದು ಇಲ್ಲ. ಇವರೊಬ್ಬರು ಹಾಕುತ್ತಿರಲಿಲ್ಲ. "ಅದಕ್ಕೇನು ಕಿವಿ ಮಂದವಾ?" ಎಂದು ಕೇಳುತ್ತಿದ್ದರು. ನಾನೋ ಕಾನ್ವೆಂಟಿನಲ್ಲಿ ಓದಿದವಳು. ಸೂಪರ್‌ಸ್ಟಿಷನ್ ಎಂಬ ಶಬ್ದದ ಸ್ಪೆಲ್ಲಿಂಗಿಗೆ ಮುಂಚೆ ಅದರ ಮೇಲಿನ ತಿರಸ್ಕಾರ ಕಲಿತವಳು. ಆದರೂ ಒಬ್ಬಳೇ ಹೋಗಲು ಶುರುಮಾಡಿದ ಮೇಲೆ ನನ್ನ ಹೆಬ್ಬೆರಳು ತನ್ನಷ್ಟಕ್ಕೆ ಹಾರ್ನ್ ಒತ್ತುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಆ ಕಲ್ಲು ಅಲ್ಲಿ ಇರಲಿಲ್ಲ.

ತಿರುವು ಉಂಟು, ಮರ ಇರಬೇಕಾದ ಕಡೆ ನೆರಳು ಉಂಟು, ಕಲ್ಲು ಮಾತ್ರ ಕಾಣಲಿಲ್ಲ. ರಸ್ತೆ ಅಗಲ ಮಾಡುವವರು ತೆಗೆದಿರಬೇಕು, ಪಾಪ, ಎಲ್ಲಿಟ್ಟರೋ ಎಂದುಕೊಂಡು ಹೋದೆ. ಸಂಜೆ ವಾಪಸು ಬರುವಾಗ ನೋಡಿದರೆ ಬಲಗಡೆ ತನ್ನ ಜಾಗದಲ್ಲೇ ಕೂತಿದೆ. ಎಣ್ಣೆ ಮಿನುಗುತ್ತಿದೆ. ಬೆಳಿಗ್ಗೆ ನನ್ನ ಗಮನ ಎಲ್ಲೋ ಇತ್ತು ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ವಾರವೂ ಹಾಗೆಯೇ. ಹೋಗುವಾಗ ಇಲ್ಲ, ಬರುವಾಗ ಉಂಟು. ಆಮೇಲೆ ಅದೇ ರೂಢಿಯಾಯಿತು. ಬೆಳಿಗ್ಗೆ ಆ ತಿರುವು ಹತ್ತಿರವಾದಂತೆ ನನಗೆ ಸಣ್ಣಗೆ ಬೆವರುತ್ತಿತ್ತು. ಇಲ್ಲದ ಕಲ್ಲಿಗೆ ಎರಡೆರಡು ಸಲ ಹಾರ್ನ್ ಹಾಕುತ್ತಿದ್ದೆ.

ಅಕ್ಕನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಬೆಳಿಗ್ಗೆ ಅದು ಸಂಚಾರಕ್ಕೆ ಹೋಗ್ತದೆ. ಸಂಜೆ ಬಂದು ಕೂತುಕೊಳ್ತದೆ. ನಿನ್ನ ಹಾಗೆಯೇ ಅಲ್ವಾ?" ಎಂದಳು.

"ನಾನ್‌ಸೆನ್ಸ್," ಎಂದೆ.

"ಹೌದು, ನಾನ್‌ಸೆನ್ಸ್. ಮತ್ತೆ ನೀನು ಯಾಕೆ ಎರಡೆರಡು ಸಲ ಹಾರ್ನ್ ಹಾಕ್ತಿ?"

ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ತಿರುವಿನಲ್ಲಿ ಒಂದು ಬಸ್ಸು ನನ್ನ ಕಾರಿನ ಎಡಬದಿಯನ್ನು ಸವರಿತು. ಸವರಿತು ಎಂದು ಮನೆಯಲ್ಲಿ ಹೇಳಿದ್ದು. ಸ್ಟಾಪಿನಲ್ಲಿ ಜನ ಇಳಿಸಲು ಮಣ್ಣಿಗೆ ಇಳಿದು ನಿಂತಿದ್ದ ಬಸ್ಸಿಗೆ ನಾನೇ ಹೋಗಿ ಒರಸಿದೆ ಎಂದು ಕಂಡಕ್ಟರ್ ಹೇಳಿದ. ನಾನು ಒಪ್ಪಲಿಲ್ಲ. ಏಕೆಂದರೆ ಅಲ್ಲಿ ಬಸ್ಸು ಇರಲಿಲ್ಲ. ಖಾಲಿ ರಸ್ತೆ, ಆಮೇಲೆ ಕಿರ್ರೆಂಬ ಶಬ್ದ, ತಿರುಗಿ ನೋಡಿದರೆ ಭೂಮಿಯಿಂದ ಎದ್ದ ಹಾಗೆ ಒಂದು ಇಡೀ ಬಸ್ಸು, ಕಿಟಕಿ ತುಂಬ ಮುಖಗಳು, ಎಲ್ಲವೂ ನನ್ನನ್ನೇ ನೋಡುತ್ತಿದ್ದವು.

ಯಾರಿಗೂ ಏನೂ ಆಗಲಿಲ್ಲ. ಮಗಳು ಮಾತ್ರ ಆ ಸಂಜೆ ಕೈಚಾಚಿದಳು.

"ಕೀ ಕೊಡಮ್ಮ."

"ಯಾಕೆ? ಅದು ಜಾಗದ ದೋಷ. ಆ ತಿರುವೇ ಹಾಗೆ ಮಗಾ, ಗಾಡಿಗಳನ್ನು ಅಡಗಿಸಿಡ್ತದೆ."

"ಇಂಗ್ಲಿಷ್ ಟೀಚರ್ ಹೇಳುವ ಮಾತಾ ಇದು? ಮೊನ್ನೆ ಮದುವೆಯಲ್ಲಿಯೂ ಹಾಗೆಯೇ. ಉಪ್ಪು ಬಡಿಸ್ಲಿಲ್ಲ, ಉಪ್ಪಿನಕಾಯಿ ಬಡಿಸ್ಲಿಲ್ಲ ಅಂತ ಆ ಬಡಿಸುವವರಿಗೆ ಎಷ್ಟು ಬೈದಿ! ಎಲೆಯ ತುದಿಯಲ್ಲೇ ಇತ್ತು. ನಿನ್ನ ಗಮನ ಎಲ್ಲಿರ್ತದೆ?"

ಪಕ್ಕದ ಮನೆಯ ಬ್ಯಾರಿ ಕುಟುಂಬದ ಯಜಮಾನ ಆಗ ನಮ್ಮ ಜಗಲಿಯಲ್ಲೇ ಇದ್ದ, ಕಾರಿನ ಗೀರು ನೋಡಲು ಬಂದವನು. ಗಲ್ಫಿನಲ್ಲಿ ವರ್ಷಗಟ್ಟಲೆ ಟ್ರೈಲರ್ ಓಡಿಸಿ, ಸಾಕಾಗಿ ಊರಿಗೆ ಬಂದು, ಮನೆಯ ಕೆಳಗಿನ ಕೋಣೆಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಬರುವಾಗ ಮೇಜಿಗೆ ಸ್ಕ್ರೂ ಹಾಕಿ ಬಿಗಿಯುವ ಒಂದು ಸ್ಟಿಯರಿಂಗ್, ಕಾಲಿನ ಬುಡಕ್ಕೆ ಇಡುವ ಪೆಡಲುಗಳು, ಒಂದು ರೇಸಿನ ಆಟದ ಸಿಡಿ ತಂದಿದ್ದ. ಅದನ್ನು ಆಟ ಎಂದರೆ ಅವನಿಗೆ ಸಿಟ್ಟು. ಸಿಮ್ಯುಲೇಟರ್ ಎನ್ನಬೇಕು.

"ಟೀಚರ್, ಒಂದು ಕೆಲಸ ಮಾಡುವ," ಎಂದ. "ನನ್ನ ಮೆಷಿನ್‌ನಲ್ಲಿ ಕೂತುಕೊಳ್ಳಿ. ಫಾರಿನ್ ಟ್ರ್ಯಾಕ್. ಗುಂಡಿ ಇಲ್ಲ, ದನ ಇಲ್ಲ, ದೈವವೂ ಇಲ್ಲ. ಬಾಕಿ ಕಾರುಗಳ ಒಟ್ಟಿಗೆ, ಯಾರಿಗೂ ಮುಟ್ಟಿಸದೆ ಒಂದು ರೇಸ್ ಮುಗಿಸಿ. ಮುಗಿಸಿದ್ರೆ ಕೀ ನಿಮ್ಮದೇ. ಏನು ಹೇಳ್ತೀರಿ ಮೇಡಂ?"

ಮೇಡಂ ಎಂದರೆ ನನ್ನ ಮಗಳು. ಅವಳಿಗೆ ನಗು ಬಂತು. "ಸರಿ. ಗುದ್ದಿದರೂ ಅಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲವಲ್ಲ," ಎಂದಳು.

ಮರುದಿನ ಮಧ್ಯಾಹ್ನ ಊಟ ಮುಗಿಸಿ ಹೋಗಿ ಕೂತೆ. ನಾನು ಅಂದುಕೊಂಡದ್ದು ಗೊಂಬೆಯಾಟ ಇರಬಹುದು ಎಂದು. ಸ್ಟಿಯರಿಂಗ್ ಹಿಡಿದ ಕೂಡಲೇ ಅದು ನನ್ನ ಕೈಯಲ್ಲಿ ನಡುಗಿತು, ಗುಬ್ಬಿ ಹಿಡಿದ ಹಾಗೆ. ಕ್ಲಚ್ ಇಲ್ಲದ್ದೊಂದನ್ನು ಬಿಟ್ಟರೆ ಎಲ್ಲವೂ ಕಾರೇ. ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ಜಾರುತ್ತದೆ. ತಿರುವಿನಲ್ಲಿ ಅವಸರ ಮಾಡಿದರೆ ಹಿಂಭಾಗ ಮುಂದೆ ಬರುತ್ತದೆ. ಹುಲ್ಲಿಗೆ ಇಳಿದು ಮೇಲೆ ಬಂದರೆ ಟಯರಿಗೆ ಮಣ್ಣು ಹತ್ತಿ ಮುಂದಿನ ತಿರುವಿನವರೆಗೂ ಹಿಡಿತವಿಲ್ಲ. ಇವರು ಪಕ್ಕದಲ್ಲಿ ಕೂತು ಹೇಳಿದ್ದೆಲ್ಲ ಆ ಪೆಟ್ಟಿಗೆಗೆ ಗೊತ್ತಿತ್ತು, ಹಲ್ಲು ಕಚ್ಚುವುದೊಂದು ಬಿಟ್ಟು.

ಗೊತ್ತಿಲ್ಲದ್ದು ಏನೆಂದರೆ ಗಾಳಿ. ಬಾವುಟಗಳು ಅಲುಗುತ್ತವೆ, ಆದರೆ ಮೋಡ ಅಲುಗುವುದಿಲ್ಲ. ಎಷ್ಟು ಸುತ್ತು ಬಂದರೂ ಸೂರ್ಯ ಅಲ್ಲೇ, ನೆರಳೂ ಅಷ್ಟೇ ಉದ್ದ. ಗ್ಯಾಲರಿಯಲ್ಲಿ ಸಾವಿರಾರು ಜನ ಕೂತಿದ್ದರು. ನಿಧಾನಕ್ಕೆ ಹತ್ತಿರ ಹೋಗಿ ಕಾರು ನಿಲ್ಲಿಸಿ ನೋಡಿದೆ. ಕಾಗದದಿಂದ ಕತ್ತರಿಸಿದ ಹಾಗೆ ಚಪ್ಪಟೆ ಮನುಷ್ಯರು. ಕೈಯೆತ್ತಿದ ಒಬ್ಬಳೇ ಹೆಂಗಸು, ಈ ಸಾಲಿನಲ್ಲಿಯೂ ಅವಳೇ, ಆ ಸಾಲಿನಲ್ಲಿಯೂ ಅವಳೇ. ನಾನು ಎಂಜಿನ್ ನಿಲ್ಲಿಸಿದರೆ ಅಲ್ಲಿ ಯಾವ ಶಬ್ದವೂ ಇಲ್ಲ. ಒಂದು ಕಾಗೆ ಇಲ್ಲ, ಒಂದು ಕೆಮ್ಮು ಇಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಲಿಂಬೋ ಎಂಬ ಜಾಗದ ಬಗ್ಗೆ ಹೇಳಿದ್ದರು. ಸ್ವರ್ಗವೂ ಅಲ್ಲ, ನರಕವೂ ಅಲ್ಲ, ಕಾಯುತ್ತಿರಬೇಕು ಅಷ್ಟೇ. ಅದಕ್ಕೆ ಹೀಗೊಂದು ಟಾರು ರಸ್ತೆ ಇದ್ದಿರಬಹುದು ಎಂದು ನನಗೆ ಆ ದಿನ ಅನ್ನಿಸಿತು.

ಮೊದಲ ತಿರುವಿಗೆ ಬಂದಾಗಲೇ ನನ್ನ ಹೆಬ್ಬೆರಳು ಸ್ಟಿಯರಿಂಗಿನ ನಡುವೆ ಒತ್ತಿತು. ಏನೂ ಆಗಲಿಲ್ಲ.

"ಹಾರ್ನ್ ಎಲ್ಲಿ?" ಎಂದು ಕೇಳಿದೆ.

"ರೇಸ್ ಕಾರಿಗೆ ಹಾರ್ನ್ ಇಲ್ಲ ಟೀಚರ್."

"ಇಲ್ಲದೆ ತಿರುವು ತೆಗೆಯುವುದು ಹೇಗೆ?"

"ಎದುರಿನಿಂದ ಯಾರೂ ಬರುವುದಿಲ್ಲವಲ್ಲ. ಎಲ್ಲ ಒಂದೇ ಕಡೆ ಹೋಗುವುದು."

ಅದು ನನಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ಪ್ರತಿ ತಿರುವಿನಲ್ಲೂ ಹೆಬ್ಬೆರಳು ಸುಮ್ಮನೆ ಒತ್ತುತ್ತಿತ್ತು, ಅಲ್ಲಿ ಯಾರೋ ಇದ್ದಾರೆ, ಹೇಳದೆ ಹೋಗುತ್ತಿದ್ದೇನೆ ಎಂಬ ಹಾಗೆ.

ಆ ಕೋಣೆಯ ಮೂಲೆಯಲ್ಲಿ ಅವನ ತಾಯಿ, ಅವನ ಬಾಯಲ್ಲಿ ಉಮ್ಮ, ಕೂತಿರುತ್ತಿದ್ದರು. ನನಗಿಂತ ಸ್ವಲ್ಪ ಹಿರಿಯರು. ಮಧ್ಯಾಹ್ನ ಅಲ್ಲಿ ಫ್ಯಾನ್ ಚೆನ್ನಾಗಿ ತಿರುಗುತ್ತದೆ ಎಂದು ಎಲೆಯಡಿಕೆಯ ಡಬ್ಬಿ ಹಿಡಿದುಕೊಂಡು ಬರುವುದು. ನಮ್ಮಿಬ್ಬರದು ಗೋಡೆಯಾಚೆಯಿಂದ ಕರಿಬೇವು ಕೇಳುವ ಹಳೇ ಸಲಿಗೆ.

"ಎಲ್ಲಿಗೆ ಮುಟ್ಟಿತು ನಿಮ್ಮ ಕಾರು?" ಎಂದು ಕೇಳುತ್ತಿದ್ದರು.

"ಹೊರಟಲ್ಲಿಗೇ ಬಂತು."

"ಇಷ್ಟು ಹೊತ್ತಿಗೆ ಮೂಡಬಿದಿರೆಗೆ ಹೋಗಿ ಮೀನು ತಗೊಂಡು ಬರಬಹುದಿತ್ತು ಮಾರಾಯ್ತಿ!"

ಒಬ್ಬಳೇ ಓಡಿಸುವಾಗ ನಾನು ಕೆಟ್ಟ ಡ್ರೈವರ್ ಅಲ್ಲವೆಂದು ಬೇಗ ಗೊತ್ತಾಯಿತು. ಬಲ ತಿರುವುಗಳು ಚೆಂದವಾಗಿ ಬರುತ್ತಿದ್ದವು. ಎಡ ತಿರುವುಗಳಲ್ಲಿ ಮಾತ್ರ ಆಗಾಗ ಹುಲ್ಲಿಗೆ ಇಳಿಯುತ್ತಿದ್ದೆ. ಸುತ್ತಿನ ಟೈಮ್ ಎಲ್ಲಿ ಬರುತ್ತದೆ ಎಂದು ಕೇಳಿದರೆ ಅವನು "ಅಲ್ಲೇ ಉಂಟಲ್ಲ, ಮೇಲೆ ಎಡಕ್ಕೆ" ಎನ್ನುತ್ತಿದ್ದ. ಹುಡುಕಿದರೆ ಇರುತ್ತಿತ್ತು. ಮತ್ತೆ ರಸ್ತೆ ನೋಡಿದರೆ ಅದು ಎಲ್ಲಿಗೋ ಹೋಗುತ್ತಿತ್ತು. ಈ ಆಟಗಳೇ ಹಾಗೆ, ಬೇಕಾದಾಗ ತೋರಿಸುತ್ತವೆ ಎಂದುಕೊಂಡೆ.

ಕೊನೆಗೆ ಅವನು ಬೇರೆ ಕಾರುಗಳನ್ನು ಬಿಟ್ಟ. ಎಲ್ಲ ನನ್ನನ್ನು ಹಿಂದೆ ಹಾಕಿ ಹೋದವು, ರಸ್ತೆ ಮತ್ತೆ ಖಾಲಿಯಾಯಿತು. ನೆಮ್ಮದಿಯಿಂದ ಎಡಕ್ಕೆ ಸ್ವಲ್ಪ ವಾಲಿದೆನೋ ಇಲ್ಲವೋ, ಡಬ್ ಎಂದು ಪೆಟ್ಟು. ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡಿತು. ಇಡೀ ಲೋಕ ಗಿರಗಿರ ತಿರುಗಿ ಗೋಡೆಗೆ ಹೋಗಿ ನಿಂತಿತು. ಒಂದು ಹಸಿರು ಕಾರು ಹೊಗೆಯಾಡುತ್ತ ನನ್ನೆದುರು ಅಡ್ಡಲಾಗಿತ್ತು. ಎಲ್ಲಿಂದ ಬಂತೋ.

ಇನ್ನೊಮ್ಮೆ ಶುರುಮಾಡಿದೆ. ಇನ್ನೊಮ್ಮೆ ಹಾಗೆಯೇ. ಖಾಲಿ ರಸ್ತೆ, ಆಮೇಲೆ ಪೆಟ್ಟು, ಆಮೇಲೆ ಕಾರು. ಅದೇ ಕ್ರಮ.

ಸಿದ್ಧಕಟ್ಟೆಯ ತಿರುವಿನದ್ದು ಎಂದು ನಾನು ಯಾವುದನ್ನು ತಿಳಿದುಕೊಂಡಿದ್ದೆನೋ ಅದು ಇಲ್ಲಿಗೂ ಬಂದಿತ್ತು. ಮಣ್ಣಿಲ್ಲದ, ಮರವಿಲ್ಲದ, ಎಲ್ಲಿಯೂ ಇಲ್ಲದ ಈ ರಸ್ತೆಗೂ. ಹಾಗಾದರೆ ಅದು ಜಾಗಕ್ಕೆ ಸೇರಿದ್ದಲ್ಲ, ನನ್ನ ಬೆನ್ನಿಗೆ ಬಿದ್ದದ್ದು. ಇಷ್ಟು ವರ್ಷ ಹಾರ್ನ್ ಹಾಕದ ಮನೆಯ ಮೇಲೆ ಅದಕ್ಕೆ ಸಿಟ್ಟಿರಬಹುದು. ಇಂಗ್ಲಿಷಿನಲ್ಲಿ ಎಷ್ಟು ಯೋಚಿಸಲು ನೋಡಿದರೂ ಆ ಯೋಚನೆ ತುಳುವಿನಲ್ಲೇ ಬರುತ್ತಿತ್ತು. ಮನೆಗೆ ಹೋಗಿ ಮಗಳಿಗೆ "ಇನ್ನೂ ಪ್ರಾಕ್ಟೀಸ್ ನಡೀತಾ ಉಂಟು" ಎಂದಷ್ಟೇ ಹೇಳಿದೆ.

ಶುಕ್ರವಾರ ಇರಬೇಕು. ಅವನು ನಮಾಜಿಗೆ ಹೊರಡುವ ಮುಂಚೆ ರೇಸ್ ಶುರುಮಾಡಿಕೊಟ್ಟು, "ನಿಧಾನ ಹೋಗಿ ಟೀಚರ್, ಗೆಲ್ಲಬೇಕೆಂದಿಲ್ಲ, ಮುಟ್ಟಿಸದಿದ್ದರೆ ಆಯಿತು," ಎಂದು ಹೇಳಿ ಹೋದ. ಕೋಣೆಯಲ್ಲಿ ನಾನು ಮತ್ತು ಅವನ ಉಮ್ಮ. ಹೊರಗೆ ಬಿಸಿಲು. ಪೇಟೆಯ ಅಂಗಡಿಗಳು ಅರ್ಧ ಬಾಗಿಲು ಹಾಕಿದ್ದವು. ನಾನು ಎಡಕ್ಕೆ ಒಂದಿಷ್ಟೂ ವಾಲದೆ ಬಲಬದಿಯ ಬಿಳಿ ಗೆರೆ ಹಿಡಿದು ಹೋಗುತ್ತಿದ್ದೆ. ಕಾರುಗಳೆಲ್ಲ ಮುಂದೆ ಹೋಗಿ ಮರೆಯಾದವು. ರಸ್ತೆ ಖಾಲಿ.

ಆದರೆ ಎಂಜಿನ್ನಿನ ಶಬ್ದ ಎರಡಿತ್ತು.

ನಾನು ಕಾಲು ತೆಗೆದೆ. ನನ್ನ ಎಂಜಿನ್ ತಗ್ಗಿತು. ಇನ್ನೊಂದು ಅರೆಗಳಿಗೆ ತಡವಾಗಿ ತಗ್ಗಿತು. ಮತ್ತೆ ಒತ್ತಿದೆ. ಅದೂ ಏರಿತು. ಎಡಗಡೆಯ ಸ್ಪೀಕರಿನಿಂದ ಬರುತ್ತಿತ್ತು, ಕಿವಿಯ ಹತ್ತಿರವೇ, ಯಾರೋ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವ ಹಾಗೆ. ಮುಂದೆ ನೋಡಿದರೆ ಯಾರೂ ಇಲ್ಲ. ಕನ್ನಡಿಯಲ್ಲಿ ಯಾರೂ ಇಲ್ಲ. ಗ್ಯಾಲರಿಯಲ್ಲಿ ಆ ಹೆಂಗಸು ಕೈಯೆತ್ತಿಯೇ ಇದ್ದಳು.

"ಇದೆಂತ ಶಬ್ದ?" ಎಂದು ನಾನು ಗಟ್ಟಿಯಾಗಿಯೇ ಕೇಳಿದೆ.

"ಆ ಹಸಿರು ಕಾರಿನದ್ದು," ಎಂದರು ಮೂಲೆಯಿಂದ.

"ಯಾವ ಹಸಿರು ಕಾರು?"

"ನಿಮ್ಮ ಪಕ್ಕದಲ್ಲಿ ಬರ್ತಾ ಉಂಟಲ್ಲ. ಆಗದಿಂದ ಒಟ್ಟಿಗೇ ಬರ್ತಾ ಉಂಟು. ನೀವು ಒಮ್ಮೆಯೂ ಅದರ ಮುಖ ನೋಡ್ಲಿಲ್ಲ. ಎಂತ, ಮಾತು ಬಿಟ್ಟಿದ್ದೀರಾ?"

ಅವರಿಗೆ ತಮಾಷೆ. ನಾನು ಕುತ್ತಿಗೆ ಎಡಕ್ಕೆ ತಿರುಗಿಸಿದೆ. ಸ್ಕ್ರೀನಿನ ಎಡತುದಿಯಲ್ಲಿ ಅದಿತ್ತು. ಇಷ್ಟು ಹತ್ತಿರ. ಹೆಲ್ಮೆಟ್ಟಿನ ಒಳಗೆ ಮುಖವಿಲ್ಲದ ಒಬ್ಬ ಡ್ರೈವರ್, ಕಪ್ಪು ಗಾಜು, ನೆಟ್ಟಗೆ ಮುಂದೆ ನೋಡುತ್ತಿದ್ದ. ನಾನು ಕಣ್ಣು ರಸ್ತೆಗೆ ತಂದೆ. ಅದು ಇಲ್ಲವಾಯಿತು. ಮರೆಯಾದದ್ದಲ್ಲ, ಕಪ್ಪಾದದ್ದೂ ಅಲ್ಲ. ಅದು ಇದ್ದ ಕಡೆ ಹುಲ್ಲು, ಆಕಾಶ ಎಲ್ಲ ಸರಿಯಾಗಿಯೇ ಇದ್ದ ಹಾಗೆ ಅನ್ನಿಸಿತು. ಮತ್ತೆ ತಿರುಗಿದೆ. ಇತ್ತು. ಮತ್ತೆ ಮುಂದೆ ನೋಡಿದೆ. ಇರಲಿಲ್ಲ.

ನಾನು ಸ್ಟಿಯರಿಂಗ್ ಬಿಟ್ಟುಬಿಟ್ಟೆ. ಕಾರು ತಾನಾಗಿ ಹೋಗಿ ಮರಳಿನಲ್ಲಿ ಹೂತು ನಿಂತಿತು. ಎರಡನೆಯ ಎಂಜಿನ್ ದೂರ ದೂರ ಹೋಯಿತು.

"ನಿಮ್ಮ ಎಡಗೈಯ ಹತ್ತಿರ ಎಂತ ಉಂಟು?" ಎಂದು ಕೇಳಿದರು, ಈಗ ನಗದೆ. ಅವರು ಎದ್ದು ಬಂದು ಪಕ್ಕದಲ್ಲಿ ನಿಂತದ್ದು ನನಗೆ ಗೊತ್ತಾದದ್ದು ಎಲೆಯಡಿಕೆಯ ವಾಸನೆಯಿಂದ.

"ಏನೂ ಇಲ್ಲ. ಮೇಜು," ಎಂದೆ.

"ಚಾ ಉಂಟು. ಸೊಸೆ ತಂದಿಟ್ಟು ಎಷ್ಟು ಹೊತ್ತಾಯಿತು. ತಣ್ಣಗಾಯಿತು."

ಅವರ ಮಗ ಬಂದ ಮೇಲೆ ನಾನೇ ಕೇಳಿ ರಿಪ್ಲೇ ಹಾಕಿಸಿದೆ. ಆಕಾಶದಿಂದ ಹದ್ದು ನೋಡಿದ ಹಾಗೆ ಇಡೀ ರೇಸ್ ಕಾಣುವ ಒಂದು ವ್ಯವಸ್ಥೆ ಅದರಲ್ಲಿತ್ತು. ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿ ಹಿಡಿದು ನೋಡಿದೆ. ಹಸಿರು ಕಾರು ಎಲ್ಲಿಂದಲೂ ಬಂದದ್ದಲ್ಲ. ಪಕ್ಕದವರ ವೇಗಕ್ಕೆ ವೇಗ ಕೂಡಿಸುವ ಹಾಗೆ ಆಟದವರು ಮಾಡಿಟ್ಟ ಕಾರು, ನನ್ನ ಬದಿಯಲ್ಲೇ ಇತ್ತು. ಮೊದಲ ದಿನದ ರೇಸಿನಲ್ಲಿಯೂ ಹಾಗೆಯೇ, ಅದು ತನ್ನ ಗೆರೆಯಲ್ಲಿ ತಾನು ಹೋಗುತ್ತಿದೆ, ನಾನು ಮೆಲ್ಲನೆ, ಬಹಳ ಶಾಂತವಾಗಿ, ಅದರ ಮೈಮೇಲೆ ಹೋಗುತ್ತೇನೆ. ನೋಡುವವರಿಗೆ ಭಯವಾಗುವಂಥದ್ದು ಆ ಶಾಂತಿಯೇ. ಟ್ರೈಲರ್ ಓಡಿಸಿದವನು, ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಹಾಗಾದರೆ ಸಿದ್ಧಕಟ್ಟೆಯ ಆ ಬಸ್ಸೂ ಅಲ್ಲೇ ಇತ್ತು. ಕಲ್ಲೂ ಅಲ್ಲೇ ಇತ್ತು.

ಮಂಗಳೂರಿನ ಡಾಕ್ಟರ್ ಕಣ್ಣು ಚೆನ್ನಾಗಿದೆ ಎಂದರು. ತಲೆಯ ಒಳಗೆ ಒಂದು ಸಣ್ಣ ರಕ್ತನಾಳ ಯಾವಾಗಲೋ ಮುಚ್ಚಿಹೋಗಿದೆ, ನಿದ್ದೆಯಲ್ಲೇ ಆಗಿರಬೇಕು, ನೋಯದೆ, ಹೇಳದೆ. ಎರಡೂ ಕಣ್ಣಿನ ನೋಟದ ಎಡ ಅರ್ಧ ಅದರೊಟ್ಟಿಗೆ ಹೋಗಿದೆ. "ಬ್ಲ್ಯಾಂಕ್ ಕಾಣುವುದಿಲ್ಲವಾ?" ಎಂದು ಮಗಳು ಕೇಳಿದಳು. ಇಲ್ಲ, ಇಲ್ಲದ್ದನ್ನು ಬ್ರೇನ್ ತಾನೇ ತುಂಬಿಸಿಕೊಳ್ಳುತ್ತದೆ, ಅದಕ್ಕೇ ನಿಮ್ಮ ಅಮ್ಮನಿಗೆ ಗೊತ್ತಾಗಲಿಲ್ಲ ಎಂದರು ಡಾಕ್ಟರ್. ಪತ್ರಿಕೆಯವರು ಸಾಲಿನ ಮೊದಲ ಅಕ್ಷರ ನುಂಗುತ್ತಾರೆ ಎಂದು ನಾನು ಸಂಪಾದಕರಿಗೆ ಬರೆಯಬೇಕೆಂದಿದ್ದೆ. ಎಲೆಯ ಎಡತುದಿಯಲ್ಲಿ ಉಪ್ಪು, ಉಪ್ಪಿನಕಾಯಿ ಕೂತು ನನ್ನ ಬೈಗುಳ ಕೇಳಿದ್ದವು. ಬರುವಾಗ ಕಾಣುತ್ತಿದ್ದ ಕಲ್ಲು ಬಲಗಡೆ ಇರುತ್ತಿತ್ತು, ಅಷ್ಟೇ. ಎಲ್ಲದಕ್ಕೂ ಉತ್ತರ ಸಿಕ್ಕಿತು. ಉತ್ತರ ಸಿಕ್ಕಿದ ಮೇಲೆ ಮೊದಲಿಗಿಂತ ಹೆಚ್ಚು ಭಯವಾಯಿತು. ದೈವವಾದರೆ ಹಾರ್ನ್ ಹಾಕಿದರೆ ಕೇಳುತ್ತಿತ್ತು. ಇದು ನನ್ನದೇ ತಲೆ. ಖಾಲಿ ರಸ್ತೆಯನ್ನು ತಾನೇ ಹೊಲಿದು ನನ್ನೆದುರು ಹಾಸುತ್ತಿತ್ತು, ಅಷ್ಟು ಚೆಂದದ ಹೊಲಿಗೆ.

ಕೀಯನ್ನು ಮಗಳು ಕೇಳಲಿಲ್ಲ. ನಾನೇ ಅವಳ ಎದುರು ಮೇಜಿನ ಮೇಲಿಟ್ಟೆ, ಬಲಗಡೆ, ನನಗೆ ಕಾಣುವ ಹಾಗೆ. ಅವಳು ಬಹಳ ಹೊತ್ತು ಮುಟ್ಟಲಿಲ್ಲ.

ಭಾನುವಾರ ಬಸ್ಸಿನಲ್ಲಿ ಹೋದೆ. ಎಡಬದಿಯ ಕಿಟಕಿಯ ಸೀಟು ಸಿಕ್ಕಿತು. ಸಿದ್ಧಕಟ್ಟೆ ಕಳೆದು ತಿರುವಿಗೆ ಬಂದಾಗ ಡ್ರೈವರ್ ಒಂದು ಸಲ ಹಾರ್ನ್ ಹಾಕಿದ. ನಾನು ಕುತ್ತಿಗೆಯನ್ನು ಪೂರ್ತಿ ತಿರುಗಿಸಿದೆ. ಬೆಳಗಿನ ಬಿಸಿಲಿನಲ್ಲಿ ಕಲ್ಲು ಕೂತಿತ್ತು. ಯಾರೋ ಆಗಷ್ಟೇ ಕೇಪುಳದ ಹೂ ಇಟ್ಟು ಹೋಗಿದ್ದರು. ಅದು ಎಲ್ಲಿಗೂ ಸಂಚಾರ ಹೋಗಿರಲಿಲ್ಲ. ವಾರವಾರವೂ ನನ್ನ ಪಕ್ಕದಲ್ಲೇ ಹಾದುಹೋಗಿತ್ತು, ಮುಖ ನೋಡಿಕೊಂಡು.

ಮೂಡಬಿದಿರೆಯಲ್ಲಿ ಬಸ್ಸು ಬದಲಿಸಿ ಬೆಳುವಾಯಿಯಲ್ಲಿ ಇಳಿದು ನಡೆದೆ. ಗೇಟು ದಾಟಿದೆ, ಜಗಲಿ ಹತ್ತಿದೆ, ಅಕ್ಕನ ಮಂಚದ ಹತ್ತಿರ ನಿಂತೆ. ಅವಳು ಗೇಟಿನ ಕಡೆ ಕಿವಿಕೊಟ್ಟು ಮಲಗಿದ್ದಳು. ಗಂಜಿ ಬಟ್ಟಲಿನಲ್ಲಿ ಆರುತ್ತಿತ್ತು. ಅವಳ ಕೈ ಮುಟ್ಟಿದೆ. ಅವಳು ಬೆಚ್ಚಿಬಿದ್ದಳು.

"ಅಯ್ಯೋ! ಎಲ್ಲಿಂದ ಬಂದಿ ಮಾರಾಯ್ತಿ, ಭೂಮಿಯಿಂದ ಎದ್ದ ಹಾಗೆ! ಕಾರಿನ ಶಬ್ದವೇ ಕೇಳ್ಲಿಲ್ಲ?"

ಆ ದಿನ ಅವಳು ಗಂಜಿ ಅರ್ಧ ಬಿಟ್ಟಳು, ನನ್ನನ್ನೇ ಒಂದು ಥರ ನೋಡುತ್ತಿದ್ದಳು. ಮುಂದಿನ ಭಾನುವಾರದಿಂದ ಗೇಟಿನ ಹತ್ತಿರ ಬಂದಾಗ ಮೊದಲು ಎಡಕ್ಕೆ ತಿರುಗಿ ಯಾರಾದರೂ ಇದ್ದಾರೋ ಎಂದು ನೋಡುತ್ತಿದ್ದೆ. ಆಮೇಲೆ, ದಾರಿಹೋಕರು ಏನು ಬೇಕಾದರೂ ಅಂದುಕೊಳ್ಳಲಿ ಎಂದು, ಬಾಯಿಯಲ್ಲೇ ಒಂದು ಸಲ ಗಟ್ಟಿಯಾಗಿ ಪೋಂ ಎನ್ನುತ್ತಿದ್ದೆ. ಒಳಗಿನಿಂದ ಅಕ್ಕನ ದನಿ ಬರುತ್ತಿತ್ತು.

"ಬಂದಳು."